ಪತ್ತೇದಾರಿಯಲ್ಲಿ ಸಿಗದ ನಾಯಕ

ನನಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಎನ್. ನರಸಿಂಹಯ್ಯನವರಿಂದ ಹಿಡಿದು ಪಾರ್ಲೆ ಸ್ಟೇಷನ್ ಹತ್ತಿರದ ರದ್ದಿಯ ಇಂಗ್ಲಿಷ್ ಪುಸ್ತಕಗಳವರೆಗೆ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಆದರೆ ನನ್ನ ಕೈಗೆ ಬಂದ ಪುಸ್ತಕಗಳಲ್ಲಿ ಕರಿಯ ಮನುಷ್ಯ ಒಂದೋ ಬಾಗಿಲು ಕಾಯುತ್ತಾನೆ, ಇಲ್ಲಾ ಮೂವತ್ತನೇ ಪುಟದೊಳಗೆ ಸಾಯುತ್ತಾನೆ. ಶಾಲೆಯ ನಾಟಕದಲ್ಲಿ ಬಣ್ಣದ ಖರ್ಚು ಉಳಿಯುತ್ತದೆಂದು ಪ್ರತಿವರ್ಷ ರಾಕ್ಷಸನ ಪಾರ್ಟು ನನಗೇ. ಹಾಗಾಗಿ ಈ ವಿಷಯ ನನಗೆ ಸಣ್ಣದಲ್ಲ. ಅಮೆರಿಕದ ಚೆಸ್ಟರ್ ಹೈಮ್ಸ್ 1957ರಿಂದ ಹಾರ್ಲೆಮ್ಮಿನ ಇಬ್ಬರು ಕರಿಯ ಪತ್ತೇದಾರರ ಕಥೆ ಬರೆದನಂತೆ. ರದ್ದಿಯವನ ಹತ್ತಿರ ಒಂದೂ ಇರಲಿಲ್ಲ. ಕೊನೆಗೆ ನನ್ನ ನಾಯಕ ಸಿಕ್ಕಿದ್ದು ಇತಿಹಾಸದಲ್ಲಿ, ನಮ್ಮ ದಖ್ಖನಿನಲ್ಲೇ. ಅವನೇ ಮಲಿಕ್ ಅಂಬರ್.

ಹುಟ್ಟಿದ್ದು ಸುಮಾರು 1548ರಲ್ಲಿ, ಇಥಿಯೋಪಿಯಾದಲ್ಲಿ. ಮೊದಲ ಹೆಸರು ಚಾಪು. ಹುಡುಗನಾಗಿದ್ದಾಗಲೇ ಗುಲಾಮನಾಗಿ, ಕೈಯಿಂದ ಕೈಗೆ ದಾಟಿ ಬಾಗ್ದಾದ್ ಸೇರಿದ. ಅಲ್ಲಿ ಮೀರ್ ಕಾಸಿಂ ಎಂಬ ಯಜಮಾನ ಅವನಿಗೆ ಓದು, ಲೆಕ್ಕಪತ್ರ ಕಲಿಸಿದ (ಕಾಮರ್ಸಿನವರು ಗಮನಿಸಿ!), ಅಂಬರ್ ಎಂದು ಹೆಸರಿಟ್ಟ. ಆಮೇಲೆ ಕೊಂಡವನು ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನ್. ವಿಚಿತ್ರವೆಂದರೆ ಈ ಪೇಶ್ವೆಯೂ ಹಬಶಿ, ಒಂದು ಕಾಲಕ್ಕೆ ಗುಲಾಮ. ಅವನು ಸತ್ತ ಮೇಲೆ ಅವನ ಹೆಂಡತಿ ಅಂಬರನನ್ನು ಬಿಡುಗಡೆ ಮಾಡಿದಳು. ಕೆಲಸ ಹುಡುಕುತ್ತಾ ಹೊರಟವನು ನಮ್ಮ ವಿಜಾಪುರದಲ್ಲೂ ಕೂಲಿ ಸೈನಿಕನಾಗಿ ದುಡಿದ. ಮಲಿಕ್ ಎಂಬ ಬಿರುದು ಸಿಕ್ಕಿದ್ದು ಅಲ್ಲೇ.

1600ರಲ್ಲಿ ಅಹಮದ್‌ನಗರದ ಕೋಟೆ ಮೊಗಲರ ಪಾಲಾಯಿತು. ಐವತ್ತು ದಾಟಿದ ಅಂಬರ್ ಅದೇ ರಾಜಮನೆತನದ ತರುಣನೊಬ್ಬನನ್ನು ಗದ್ದುಗೆಗೆ ತಂದು, ಅವನಿಗೇ ಮಗಳನ್ನು ಕೊಟ್ಟು, ತಾನು ಪೇಶ್ವೆಯಾದ. ಮರಾಠಾ ಸವಾರರನ್ನು ಕಟ್ಟಿಕೊಂಡು ಮೊಗಲರ ದವಸದ ಗಾಡಿಗಳ ಮೇಲೆ ಬೀಳುವುದು, ಗುಡ್ಡಗಳಲ್ಲಿ ಮಾಯವಾಗುವುದು ಇದೇ ಅವನ ಯುದ್ಧ. ನಡುವೆ 1610ರಲ್ಲಿ ಖಡ್ಕಿ ಪಟ್ಟಣ ಕಟ್ಟಿ ನೆಲದೊಳಗಿನ ಕಾಲುವೆಯಿಂದ ನೀರು ತಂದ. ಮುಂದೆ ಔರಂಗಾಬಾದ್ ಆಗಿ, 2023ರಿಂದ ಛತ್ರಪತಿ ಸಂಭಾಜಿನಗರವಾಗಿರುವ ಊರು ಅದೇ.

ಇನ್ನು ಭಾತವಡಿ. 1624ರಲ್ಲಿ ಮೊಗಲರೂ ವಿಜಾಪುರದವರೂ ಒಟ್ಟಾಗಿ ಬಂದರು. ಅಂಬರನ ಕಡೆ ಶಿವಾಜಿಯ ತಂದೆ ಶಹಾಜಿ ಇದ್ದ. ಅಂಬರ್ ಕೆರೆಯ ಕಟ್ಟೆ ಒಡೆಸಿದ. ನೆಲವೆಲ್ಲಾ ಕೆಸರು, ಫಿರಂಗಿ ಅಲ್ಲಾಡಲೊಲ್ಲವು. ರಾತ್ರಿ ರಾತ್ರಿ ದಾಳಿ. ಹಸಿದ ಸೈನಿಕರು ಎದುರು ಪಾಳಯ ಬಿಟ್ಟು ಓಡತೊಡಗಿದರು. ಆಗ ಅವನಿಗೆ ಎಪ್ಪತ್ತಾರು ವರ್ಷ! ಸೋತದ್ದು ನಮ್ಮೂರಿನ ಸೈನ್ಯವೂ ಹೌದು; ಆದರೂ ಓದುವಾಗ ನಾನು ಅಂಬರನ ಕಡೆಗೇ ಇದ್ದೆ, ಮರೆಮಾಚುವುದಿಲ್ಲ.

ಜಹಾಂಗೀರ್ ಬಾದಶಹನಿಗೆ ಅವನನ್ನು ಹಿಡಿಯಲಾಗಲಿಲ್ಲ. ಹಾಗಾಗಿ ಚಿತ್ರ ಬರೆಸಿಕೊಂಡ: ಈಟಿಯ ತುದಿಗೆ ಅಂಬರನ ತಲೆ, ಅದಕ್ಕೆ ಬಾದಶಹನ ಬಾಣ. ಚಿತ್ರಕಾರ ಅಬುಲ್ ಹಸನ್, ಕಾಲ ಸುಮಾರು 1616. ಆ ತಲೆ ಇನ್ನೂ ಹತ್ತು ವರ್ಷ ಹೆಗಲ ಮೇಲೇ ಇತ್ತು. 1626ರಲ್ಲಿ ಸತ್ತಾಗಲೂ ಅವನು ಪೇಶ್ವೆಯೇ. ಗೋರಿ ಖುಲ್ದಾಬಾದಿನಲ್ಲಿದೆ.

ಅವನದು ಬೇರೊಂದು ಚಿತ್ರವೂ ಇದೆ. ಬಿಳಿ ಅಂಗಿ, ಉದ್ದ ಕತ್ತಿ. ಅಮ್ಮನಿಗೆ ತೋರಿಸಿದೆ. ಮೂಗೊಂದು ಬಿಟ್ಟರೆ ಥೇಟ್ ನಮ್ಮ ಅಜ್ಜನೇ ಅಂತ ಅವಳ ತೀರ್ಮಾನ.