ಹೆಸರು ಮಾತ್ರ ಸಾಲ್ಮನ್ ಅವರದು

ಹೋದ ವರ್ಷ ಮಳೆಗಾಲದಲ್ಲಿ ಚಿಕ್ಕಪ್ಪ ತಮ್ಮ ಶೆಡ್ಡಿಗೆ 1,000 ಕೋಳಿಮರಿ ಇಳಿಸಿದರು. ಎಲ್ಲವೂ ಒಂದು ದಿನದ ಮರಿಗಳು. ನಾನು ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಊರಲ್ಲೇ ಇದ್ದೆ. ಹಾಗಾಗಿ ರಾತ್ರಿ ಬಲ್ಬಿನ ಶಾಖ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕನೇ ದಿನಕ್ಕೆ ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತು, ರೆಕ್ಕೆ ಜೋಲುಬಿಟ್ಟು, ಕಣ್ಣು ಮುಚ್ಚಿ ತೂಕಡಿಸತೊಡಗಿದವು. ಹಿಂಭಾಗದಲ್ಲಿ ಸುಣ್ಣ ಮೆತ್ತಿದ ಹಾಗೆ ಬಿಳಿ ಹಿಕ್ಕೆ ಅಂಟಿಕೊಂಡಿತ್ತು. ಹತ್ತೇ ದಿನದಲ್ಲಿ 300ಕ್ಕೂ ಹೆಚ್ಚು ಮರಿಗಳನ್ನು ಗುಂಡಿ ತೋಡಿ ಹೂತೆವು.

ನಾನು ರಾತ್ರಿ ಮೊಬೈಲ್ ನೋಡುತ್ತಾ ಶಾಖ ಮರೆತಿದ್ದೇ ಕಾರಣ ಎಂದು ಮನೆಯಲ್ಲಿ ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಕೊನೆಗೆ ಪಶುವೈದ್ಯರು ಸತ್ತ ಮರಿಯನ್ನು ಕೊಯ್ದು ನೋಡಿ, ಲ್ಯಾಬಿನ ವರದಿ ಬಂದ ಮೇಲೆ, ಇದು ಸಾಲ್ಮೊನೆಲ್ಲಾದಿಂದ ಬರುವ ಪುಲ್ಲೋರಮ್ ರೋಗ, ಬಹುಮಟ್ಟಿಗೆ ಮೊಟ್ಟೆಯೊಳಗಿಂದಲೇ ಬಂದಿರಬೇಕು ಎಂದರು. ನನ್ನ ಮೇಲಿದ್ದ ಆರೋಪ ಅಲ್ಲಿಗೆ ಬಿತ್ತು. ಆದರೆ ಆ ಹೆಸರು ತಲೆಯಲ್ಲಿ ಉಳಿಯಿತು. ನಿಜ ಹೇಳಬೇಕೆಂದರೆ, ಸಾಲ್ಮನ್ ಮೀನಿಗೂ ಇದಕ್ಕೂ ಏನೋ ಸಂಬಂಧವಿದೆ ಎಂದುಕೊಂಡಿದ್ದೆ. ಮೀನಿಗೂ ಇದಕ್ಕೂ ಸಂಬಂಧವೇ ಇಲ್ಲ. ಅದು ಒಬ್ಬ ಪಶುವೈದ್ಯರ ಹೆಸರು.

ಡೇನಿಯಲ್ ಎಲ್ಮರ್ ಸಾಲ್ಮನ್ ಹುಟ್ಟಿದ್ದು 1850ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೌಂಟ್ ಆಲಿವ್‌ನಲ್ಲಿ. ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ, ಎಂಟು ವರ್ಷಕ್ಕೆ ತಾಯಿಯೂ ಇಲ್ಲ. ಸಾಕಿದವರು ದೂರದ ಸಂಬಂಧಿಯೊಬ್ಬರು. ಹುಡುಗ ಅವರ ಹೊಲದಲ್ಲಿ ದುಡಿದ, ಹಳ್ಳಿಯ ಅಂಗಡಿಯಲ್ಲಿ ಲೆಕ್ಕ ಬರೆದ. 1868ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಬಾಗಿಲು ತೆರೆದಾಗ ಅದರ ಮೊದಲ ಬ್ಯಾಚಿಗೆ ಸೇರಿಕೊಂಡರು. ಅಲ್ಲಿ ಜೇಮ್ಸ್ ಲಾ ಎಂಬ ಸ್ಕಾಟ್ಲೆಂಡಿನ ಪಶುವೈದ್ಯ ಮೇಷ್ಟ್ರು ಸಿಕ್ಕರು. ಕೊನೆಯ ಕೆಲವು ತಿಂಗಳು ಪ್ಯಾರಿಸ್ ಬಳಿಯ ಆಲ್ಫೋರ್ ಪಶುವೈದ್ಯ ಶಾಲೆಯಲ್ಲಿ ಕಲಿತು, 1872ರಲ್ಲಿ ಪದವಿ ಪಡೆದರು. 1876ರಲ್ಲಿ ಕಾರ್ನೆಲ್ ಅವರಿಗೆ ಪಶುವೈದ್ಯ ಡಾಕ್ಟರ್ ಪದವಿ ಕೊಟ್ಟಿತು. ಅಮೆರಿಕದ ವಿಶ್ವವಿದ್ಯಾಲಯವೊಂದು ಆ ಪದವಿ ಕೊಟ್ಟದ್ದು ಅದೇ ಮೊದಲು.

ಇಲ್ಲಿ ನಾನು ಸ್ವಲ್ಪ ನಿಂತೆ. ದೇಶದಲ್ಲಿ ಯಾರ ಬಳಿಯೂ ಇಲ್ಲದ ಡಿಗ್ರಿ ಹಿಡಿದುಕೊಂಡು ಕೆಲಸ ಹುಡುಕುವುದು ಹೇಗಿರುತ್ತದೆ? ದನಕ್ಕೆ ಔಷಧ ಹಾಕಲು ಕಾಲೇಜು ಓದಬೇಕೇ ಎಂದು ಕೇಳುವ ಕಾಲವದು. ಸಾಲ್ಮನ್ ನ್ಯೂವಾರ್ಕ್‌ನಲ್ಲಿ ವೃತ್ತಿ ಮಾಡಿ ನೋಡಿದರು. ಆರೋಗ್ಯ ಕೆಟ್ಟಿತೆಂದು ಉತ್ತರ ಕೆರೊಲಿನಾದ ಆಶ್‌ವಿಲ್‌ಗೆ ಹೋದರು. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. ದನಗಳ ರೋಗ ತಡೆಯುವ ಸರ್ಕಾರಿ ಕೆಲಸಕ್ಕೆ ಅಲ್ಲಿ ಇಲ್ಲಿ ಓಡಾಡಿದರು. ನೆಲೆಯೆಂದು ಸಿಕ್ಕಿದ್ದು 1884ರಲ್ಲಿ. ಆಗ ಅಮೆರಿಕದ ಕೃಷಿ ಇಲಾಖೆಯಲ್ಲಿ ಪ್ರಾಣಿ ಉದ್ಯಮ ಬ್ಯೂರೋ ಹುಟ್ಟಿತು, ಸಾಲ್ಮನ್ ಅದರ ಮೊದಲ ಮುಖ್ಯಸ್ಥರಾದರು.

ಅವರ ಮುಂದಿದ್ದ ಮೊದಲ ಕೆಲಸ ದನಗಳ ಶ್ವಾಸಕೋಶದ ಅಂಟುರೋಗ. 1843ರಲ್ಲಿ ಹಡಗಿನಲ್ಲಿ ಬಂದಿಳಿದ ಒಂದು ಹಸುವಿನಿಂದ ನ್ಯೂಯಾರ್ಕ್ ಕಡೆ ಕಾಲಿಟ್ಟ ರೋಗ, 40 ವರ್ಷದಲ್ಲಿ ಹಲವು ರಾಜ್ಯಗಳಿಗೆ ಹಬ್ಬಿತ್ತು. ಸಾಲ್ಮನ್ ಹಿಡಿದ ದಾರಿ ಕಠಿಣವಾದದ್ದು. ಪ್ರತಿ ಕೊಟ್ಟಿಗೆ ತಪಾಸಣೆ ಮಾಡುವುದು, ರೋಗವಿದ್ದಲ್ಲಿ ಸಾಗಾಟ ನಿಲ್ಲಿಸುವುದು, ರೋಗಿ ದನವನ್ನೂ ಅದರ ಜೊತೆ ಕಟ್ಟಿದ ದನವನ್ನೂ ಕೊಲ್ಲುವುದು, ಮಾಲೀಕನಿಗೆ ಪರಿಹಾರ ಕೊಡುವುದು. ನೋಡಲು ಚೆನ್ನಾಗಿಯೇ ಇರುವ ಹಸುವನ್ನು ಕೊಲ್ಲಲು ಬಂದವನನ್ನು ಯಾವ ರೈತ ಮನೆಯೊಳಗೆ ಕರೆದಾನು? ನಮ್ಮ ಚಿಕ್ಕಪ್ಪನಾಗಿದ್ದರೆ ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಆದರೂ 1892ರ ಹೊತ್ತಿಗೆ ಆ ರೋಗ ಅಮೆರಿಕದಿಂದ ಪೂರ್ತಿ ಹೋಯಿತು. ಈ ಕೆಲಸದಿಂದ ಸಾಲ್ಮನ್ ಅವರ ಹೆಸರು ಉಳಿಯಲಿಲ್ಲ. ಇಲ್ಲದೇ ಹೋದ ರೋಗವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಹೆಸರು ಉಳಿದದ್ದು ಇನ್ನೊಬ್ಬರ ಕೆಲಸದಿಂದ. ಥಿಯೋಬಾಲ್ಡ್ ಸ್ಮಿತ್ ಎಂಬ ಯುವಕ ಸಾಲ್ಮನ್ ಕೈಕೆಳಗೆ ಸೇರಿದಾಗ ವಯಸ್ಸು 25 ದಾಟಿರಲಿಲ್ಲ. ವೈದ್ಯಕೀಯ ಓದಿದ್ದರು, ಸೂಕ್ಷ್ಮಾಣುಗಳ ವಿದ್ಯೆಯನ್ನು ಬಹುಮಟ್ಟಿಗೆ ಪುಸ್ತಕ ನೋಡಿ ತಾವೇ ಕಲಿತಿದ್ದರು. ಹಂದಿಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ಹಂದಿ ಕಾಲರಾ ರೋಗಕ್ಕೆ ಕಾರಣ ಹುಡುಕುತ್ತಾ, 1885ರಲ್ಲಿ ಅವರು ಸತ್ತ ಹಂದಿಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಮರುವರ್ಷ ಅದೇ ಬ್ಯಾಕ್ಟೀರಿಯಾವನ್ನು ಶಾಖದಿಂದ ಕೊಂದು ಪಾರಿವಾಳಗಳಿಗೆ ಚುಚ್ಚಿದಾಗ, ಅವು ಜೀವಂತ ರೋಗಾಣುವನ್ನೂ ತಡೆದುಕೊಂಡವು. ಸತ್ತ ರೋಗಾಣುವಿನಿಂದಲೂ ಲಸಿಕೆ ಮಾಡಬಹುದು ಎಂದು ತೋರಿಸಿದ ಆ ಪ್ರಬಂಧದಲ್ಲಿ ಸಾಲ್ಮನ್ ಹೆಸರು ಮೊದಲು, ಸ್ಮಿತ್ ಹೆಸರು ನಂತರ. 1900ರಲ್ಲಿ ಫ್ರಾನ್ಸಿನ ಪಶುವೈದ್ಯ ಲಿನ್ಯೇರ್ ಈ ಗುಂಪಿನ ರೋಗಾಣುಗಳಿಗೆ ಹೆಸರಿಡುವಾಗ ಸಾಲ್ಮನ್ ಅವರನ್ನೇ ಆರಿಸಿಕೊಂಡರು. ಟೈಫಾಯ್ಡ್ ರೋಗಾಣುವೂ ಆಮೇಲೆ ಅದೇ ಮನೆತನಕ್ಕೆ ಸೇರಿತು.

ಇದರಲ್ಲಿ ಇನ್ನೊಂದು ತಮಾಷೆಯಿದೆ. 1903ರಲ್ಲಿ ಅದೇ ಬ್ಯೂರೋದ ಸಂಶೋಧಕರು ಹಂದಿ ಕಾಲರಾಕ್ಕೆ ನಿಜವಾದ ಕಾರಣ ಆ ಬ್ಯಾಕ್ಟೀರಿಯಾ ಅಲ್ಲವೇ ಅಲ್ಲ, ಒಂದು ವೈರಸ್ ಎಂದು ತೋರಿಸಿದರು. ಅಂದರೆ ಸಾಲ್ಮನ್ ತಾವು ಕಂಡುಹಿಡಿಯದ, ತಾವು ಹುಡುಕುತ್ತಿದ್ದ ರೋಗಕ್ಕೂ ಕಾರಣವಲ್ಲದ ಒಂದು ಜೀವಿಗೆ ಹೆಸರಾಗಿಬಿಟ್ಟರು! ಸ್ಮಿತ್ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ದನಗಳ ಟೆಕ್ಸಾಸ್ ಜ್ವರ ಮೈಗೆ ಅಂಟಿ ರಕ್ತ ಹೀರುವ ಉಣುಗಿನಿಂದ ಹರಡುತ್ತದೆ ಎಂದು ಸಾಧಿಸಿ ತೋರಿಸಿದರು. ಕೀಟದಂಥ ಜೀವಿ ರೋಗ ಹೊತ್ತು ತರುತ್ತದೆ ಎಂಬುದು ಆಗ ಹೊಸ ಮಾತು, ಮಲೇರಿಯಾಕ್ಕೆ ಸೊಳ್ಳೆ ಕಾರಣ ಎಂದು ತಿಳಿಯುವುದಕ್ಕೂ ಮೊದಲಿನದು. 1895ರಲ್ಲಿ ಅವರು ಬ್ಯೂರೋ ಬಿಟ್ಟು ಹಾರ್ವರ್ಡ್ ಕಡೆ ನಡೆದರು. ಸಾಲ್ಮನ್ ಅವರನ್ನು ಕಳ್ಳ ಎನ್ನಲು ನನಗೆ ಮನಸ್ಸಿಲ್ಲ. ಪ್ರಯೋಗಾಲಯ ಕಟ್ಟಿದವರು, ಸ್ಮಿತ್‌ಗೆ ಕೆಲಸ ಕೊಟ್ಟವರು ಅವರೇ. ಆದರೆ ಹೆಸರು ಮೇಲಿನವರಿಗೆ ಹೋಗುವುದು ಇಂದು ನೆನ್ನೆಯ ರೂಢಿಯಲ್ಲ.

ಕೋಳಿಗೂ ಸಾಲ್ಮನ್‌ಗೂ ನೇರ ನಂಟು ಇದ್ದದ್ದು ನನಗೆ ಖುಷಿ ಕೊಟ್ಟಿತು. 1899ರಲ್ಲಿ ಅವರು ಕೋಳಿ ರೋಗಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಮರುವರ್ಷ ಕನೆಕ್ಟಿಕಟ್‌ನ ಲಿಯೊ ರೆಟ್ಗರ್ ಮರಿಗಳನ್ನು ಕೊಲ್ಲುವ ಬಿಳಿ ಭೇದಿಯ ರೋಗಾಣುವನ್ನು ವಿವರಿಸಿದರು. ನಮ್ಮ ಶೆಡ್ಡಿಗೆ ಬಂದದ್ದು ಅದೇ. ಸೋಂಕಿದ ಹೇಂಟೆ ಆರೋಗ್ಯವಾಗಿಯೇ ಕಾಣುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ರೋಗಾಣು ಅದರ ಅಂಡಾಶಯದಲ್ಲಿ ಕುಳಿತು ಮೊಟ್ಟೆಯೊಳಗೆ ಇಳಿಯುತ್ತದೆ. ಮರಿಗೆ ಎಷ್ಟು ಔಷಧ ಕುಡಿಸಿದರೂ ಮೂಲ ಹಾಗೇ ಉಳಿಯುತ್ತದೆ. ದಾರಿ ಒಂದೇ: ತಾಯಿಕೋಳಿಯ ಒಂದು ಹನಿ ರಕ್ತವನ್ನು ಬಣ್ಣದ ದ್ರಾವಣದ ಜೊತೆ ಬೆರೆಸಿ ನೋಡುವುದು. ಎರಡು ನಿಮಿಷದೊಳಗೆ ಹೆಪ್ಪುಹೆಪ್ಪಾಗಿ ಒಡೆದರೆ ಆ ಕೋಳಿಯನ್ನು ಹಿಂಡಿನಿಂದ ತೆಗೆಯುವುದು. ಚೆನ್ನಾಗಿ ಕಾಣುವ ಹಸುವನ್ನು ಸಾಲ್ಮನ್ ತೆಗೆದದ್ದೂ ಹೀಗೆಯೇ ಅಲ್ಲವೇ? ಇದೇ ಮನೆತನದ ಬೇರೆ ಕೆಲವು ರೋಗಾಣುಗಳು ಕೋಳಿಯನ್ನು ಅಷ್ಟಾಗಿ ಕಾಡದೆ, ಅರೆಬೆಂದ ಮೊಟ್ಟೆ ಮಾಂಸದ ಮೂಲಕ ತಿಂದವರನ್ನು ಮಲಗಿಸುತ್ತವೆ.

ಸಾಲ್ಮನ್ ಅವರ ಕೊನೆಯ ವರ್ಷಗಳು ಸುಖದವಲ್ಲ. ಮಾಂಸ ತಪಾಸಣೆಯ ಲೇಬಲ್ ಮುದ್ರಿಸುವ ಸಂಸ್ಥೆಯಲ್ಲಿ ಅವರಿಗೆ ಪಾಲಿತ್ತು ಎಂಬ ಆರೋಪ ಬಂದು, 1905ರಲ್ಲಿ 21 ವರ್ಷ ಕುಳಿತ ಕುರ್ಚಿ ಬಿಡಬೇಕಾಯಿತು. 55ರ ವಯಸ್ಸಿನಲ್ಲಿ ಗಂಟುಮೂಟೆ ಕಟ್ಟಿ ದಕ್ಷಿಣ ಅಮೆರಿಕದ ಉರುಗ್ವೆಗೆ ಹೋಗಿ, ಮಾಂಟೆವಿಡಿಯೊ ವಿಶ್ವವಿದ್ಯಾಲಯದಲ್ಲಿ ಪಶುವೈದ್ಯ ವಿಭಾಗ ಕಟ್ಟಿದರು. ಕೆಲವು ವರ್ಷದ ಮೇಲೆ ಮರಳಿ, ಮೊಂಟಾನಾದ ಬ್ಯೂಟ್ ಪಟ್ಟಣದಲ್ಲಿ ಹಂದಿ ಕಾಲರಾ ತಡೆಯುವ ಸೀರಮ್ ಘಟಕ ನೋಡಿಕೊಂಡರು. ತಿರುಗಿ ಅದೇ ಹಂದಿ, ಅದೇ ರೋಗ. ಅಲ್ಲೇ 1914ರ ಆಗಸ್ಟ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು.

ಮೊನ್ನೆ ಒಂದು ಮಾದರಿ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಕಂಡುಹಿಡಿದವರು ಯಾರು ಎಂಬ ಪ್ರಶ್ನೆ ಬಂತು. ನಾಲ್ಕು ಆಯ್ಕೆಗಳಲ್ಲಿ ಸ್ಮಿತ್ ಇರಲೇ ಇಲ್ಲ. ಸಾಲ್ಮನ್ ಎಂದು ಗುರುತು ಹಾಕಿದೆ, ಒಂದು ಅಂಕ ಬಂತು. ಚಿಕ್ಕಪ್ಪ ಹೊಸ ಬ್ಯಾಚಿಗೆ ಮುಂಗಡ ಕೊಡುವ ಮೊದಲು, ತಾಯಿಕೋಳಿಗಳ ರಕ್ತ ಪರೀಕ್ಷೆಯ ಚೀಟಿ ತೋರಿಸಿ ಎಂದು ಕೇಳಿದರು. ಮರಿ ಮಾರುವವನು ಒಂದು ಕ್ಷಣ ಅವರ ಮುಖ ನೋಡಿ, ಒಳಗೆ ಹೋಗಿ ಫೈಲು ತಂದ.