ಜೇನುಗೂಡಿನ ಬಾಗಿಲು ತೆರೆದ ಪಾದ್ರಿ: ಲೊರೆಂಜೊ ಲ್ಯಾಂಗ್‌ಸ್ಟ್ರಾತ್

ನಮ್ಮಲ್ಲಿ ಅನೇಕರಿಗೆ ಊರಿನ ಮನೆಯ ಅಡಿಕೆ ತೋಟದ ಅಂಚಿನಲ್ಲಿ, ಕಂಬವೊಂದರ ಮೇಲೆ ಇಟ್ಟಿದ್ದ ತುಡುವೆ ಜೇನಿನ ಪೆಟ್ಟಿಗೆಯನ್ನು ಕಂಡ ನೆನಪಿರಬಹುದು. ಮುಚ್ಚಳ ತೆಗೆದರೆ ಒಳಗೆ ಕಪಾಟಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಮರದ ಚೌಕಟ್ಟುಗಳು. ಒಂದೊಂದನ್ನೇ ಮೇಲೆತ್ತಿ, ರಾಣಿ ಇದೆಯೇ, ಮರಿಗಳಿವೆಯೇ, ಆಹಾರ ಸಾಕಷ್ಟಿದೆಯೇ ಎಂದು ನೋಡಿ, ಎರಿ ಮುರಿಯದಂತೆ ಪುನಃ ಇಳಿಸಬಹುದು. ಇಂದು ಅತಿ ಸಹಜವೆನಿಸುವ ಈ ಸೌಲಭ್ಯವನ್ನು ಜಗತ್ತಿಗೆ ಒದಗಿಸಿದ ಮಹನೀಯರೆಂದರೆ ಅಮೆರಿಕದ ಪಾದ್ರಿ ಲೊರೆಂಜೊ ಲೊರೇನ್ ಲ್ಯಾಂಗ್‌ಸ್ಟ್ರಾತ್. ಅವರ ಬದುಕು ಜೇನಿನಷ್ಟು ಸಿಹಿಯಾಗಿರಲಿಲ್ಲ.

1810ರ ಡಿಸೆಂಬರ್ 25ರಂದು ಫಿಲಡೆಲ್ಫಿಯಾದಲ್ಲಿ ಅವರ ಜನನ. ಬಾಲ್ಯದಲ್ಲಿ ಇರುವೆಗಳನ್ನು ನೋಡುತ್ತ ನೆಲದಲ್ಲಿ ಮಂಡಿಯೂರಿ ಕುಳಿತು ಷರಾಯಿ ಹರಿದುಕೊಂಡು, ಮನೆಯಲ್ಲಿ ಪೆಟ್ಟು ತಿಂದದ್ದುಂಟು. 1831ರಲ್ಲಿ ಯೇಲ್‌ನಿಂದ ಪದವಿ ಪಡೆದು, ಕೆಲಕಾಲ ಅಲ್ಲಿಯೇ ಬೋಧಕರಾಗಿದ್ದು, 1836ರಲ್ಲಿ ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಪಾದ್ರಿಯಾದರು. ಅದೇ ವರ್ಷ ಆನಾ ಟಕರ್ ಅವರೊಂದಿಗೆ ವಿವಾಹವಾಯಿತು.

1838ರಲ್ಲಿ ಸ್ನೇಹಿತರೊಬ್ಬರ ಮನೆಗೆ ಹೋದಾಗ ಮೇಜಿನ ಮೇಲೆ ಗಾಜಿನ ಗೋಳವೊಂದರಲ್ಲಿ ತುಂಬಿದ ಜೇನೆರಿ ಕಣ್ಣಿಗೆ ಬಿತ್ತು. ಆತಿಥೇಯರು ಅಟ್ಟಕ್ಕೆ ಕರೆದೊಯ್ದು ನೊಣಗಳನ್ನೂ ತೋರಿಸಿದರು. ಅಂದು ಮನೆಗೆ ಮರಳುವ ಮೊದಲೇ ಲ್ಯಾಂಗ್‌ಸ್ಟ್ರಾತ್ ಎರಡು ಜೇನು ಕುಟುಂಬಗಳನ್ನು ಕೊಂಡಾಗಿತ್ತು. ಬಾಲ್ಯದ ಇರುವೆಗಳ ಹುಚ್ಚು ಜೇನಿನ ರೂಪದಲ್ಲಿ ಮರಳಿತೆನ್ನಬೇಕು.

ಆ ಕಾಲದಲ್ಲಿ ಜೇನು ಸಾಕಣೆಯೆಂದರೆ ಹುಲ್ಲಿನ ಬುಟ್ಟಿ, ಟೊಳ್ಳು ಮರ ಅಥವಾ ಸಾದಾ ಪೆಟ್ಟಿಗೆ. ನೊಣಗಳು ಎರಿಯನ್ನು ಗೋಡೆಗೇ ಅಂಟಿಸುತ್ತಿದ್ದುದರಿಂದ ಒಳಗೇನು ನಡೆಯುತ್ತಿದೆಯೆಂದು ತಿಳಿಯುವ ದಾರಿಯಿರಲಿಲ್ಲ. ಜೇನು ಬೇಕಾದರೆ ಎಷ್ಟೋ ಕಡೆ ಗಂಧಕದ ಹೊಗೆಯಿಂದ ಇಡೀ ಕುಟುಂಬವನ್ನೇ ಕೊಲ್ಲುತ್ತಿದ್ದರು. ಕಣ್ಣು ಕಾಣದಿದ್ದರೂ ಸಹಾಯಕನ ಕಣ್ಣುಗಳಿಂದ ಜೇನಿನ ಲೋಕವನ್ನು ಅರಿತ ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಅವರ ಗ್ರಂಥವನ್ನು ಲ್ಯಾಂಗ್‌ಸ್ಟ್ರಾತ್ ಓದಿದರು. ಗೂಡನ್ನು ಪುಸ್ತಕದಂತೆ ತೆರೆಯಬಹುದೆಂಬ ಭರವಸೆ ಮೂಡಿತು.

1851ರಲ್ಲಿ ಫಿಲಡೆಲ್ಫಿಯಾದಲ್ಲಿದ್ದಾಗ ಮುಚ್ಚಳಕ್ಕೂ ಒಳಗಿನ ಪಟ್ಟಿಗಳಿಗೂ ನಡುವೆ ಒಂದು ಇಂಚಿನ ಎಂಟನೇ ಮೂರು ಭಾಗದಷ್ಟು ಜಾಗ ಬಿಟ್ಟರು. ಆ ಜಾಗವನ್ನು ನೊಣಗಳು ಮುಚ್ಚಲಿಲ್ಲ, ಓಡಾಡುವ ಓಣಿಯಾಗಿ ಉಳಿಸಿಕೊಂಡವು. ಸಂದು ತೀರ ಕಿರಿದಾದರೆ ನೊಣಗಳು ಅಂಟಿನಿಂದ ಮೆತ್ತುತ್ತವೆ, ಅಗಲವಾದರೆ ಎರಿ ಕಟ್ಟುತ್ತವೆ. ಇವೆರಡರ ನಡುವಿನ, ಸುಮಾರು 6ರಿಂದ 9 ಮಿಲಿಮೀಟರಿನ ಅಳತೆಯಲ್ಲಿಯೇ ಗುಟ್ಟು ಅಡಗಿತ್ತು. ಅಕ್ಟೋಬರ್ 30ರಂದು ಈ ಓಣಿಯನ್ನು ಚೌಕಟ್ಟಿನ ನಾಲ್ಕೂ ಸುತ್ತ ಬಿಟ್ಟರೆ ಹೇಗೆಂಬ ಆಲೋಚನೆ ಹೊಳೆಯಿತು. 1852ರ ಅಕ್ಟೋಬರ್ 5ರಂದು 9300ನೇ ಸಂಖ್ಯೆಯ ಪೇಟೆಂಟ್ ಅವರಿಗೆ ದೊರೆಯಿತು. ಮರುವರ್ಷವೇ ಜೇನುಗೂಡು ಮತ್ತು ಜೇನುನೊಣವನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂತು. ನ್ಯಾಯವಾಗಿ ಹೇಳಬೇಕಾದರೆ, ಉಕ್ರೇನಿನ ಪ್ರೊಕೊಪೊವಿಚ್, ಸೈಲೀಷಿಯಾದ ಪಾದ್ರಿ ಜಿಯರ್ಜೋನ್ ಮೊದಲಾದವರೂ ಇದೇ ದಾರಿಯಲ್ಲಿ ನಡೆದವರೇ. ಆದರೆ ಸಾಮಾನ್ಯ ರೈತನ ಕೈಗೆ ಎಟುಕುವ ಪೆಟ್ಟಿಗೆಯನ್ನು ಕೊಟ್ಟವರು ಲ್ಯಾಂಗ್‌ಸ್ಟ್ರಾತ್.

ಈ ಪೆಟ್ಟಿಗೆಯ ನಿಜವಾದ ಬೆಲೆ ತಿಳಿಯುವುದು ವಸಂತದ ಹೊಸ್ತಿಲಲ್ಲಿ. ಹಿಮ ಬೀಳುವ ನಾಡಿನಲ್ಲಿ ನೊಣಗಳು ಮುದ್ದೆಗಟ್ಟಿ ಕುಳಿತು, ಕೂಡಿಟ್ಟ ಜೇನನ್ನೇ ತಿಂದು ಚಳಿಗಾಲ ಕಳೆಯುತ್ತವೆ. ವಿಚಿತ್ರವೆಂದರೆ, ಕೊರೆಯುವ ಚಳಿಯನ್ನು ಗೆದ್ದ ಎಷ್ಟೋ ಕುಟುಂಬಗಳು ಚಳಿ ಇಳಿಯುವ ಹೊತ್ತಿಗೆ ಹಸಿವಿನಿಂದ ಸಾಯುತ್ತವೆ. ರಾಣಿ ಮೊಟ್ಟೆಯಿಡಲು ಆರಂಭಿಸಿರುತ್ತದೆ, ಮರಿಗಳನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡಬೇಕು, ಹೊರಗೆ ಹೂವಿಲ್ಲ. ಠೇವಣಿ ಕರಗುತ್ತಿರುವಾಗಲೇ ಖರ್ಚು ಏರುವ ಇಂತಹ ಖಾತೆಗಳನ್ನು ಬ್ಯಾಂಕಿನಲ್ಲಿ ನಾನು ಸಾಕಷ್ಟು ಕಂಡಿದ್ದೇನೆ.

ಲ್ಯಾಂಗ್‌ಸ್ಟ್ರಾತ್ ತಮ್ಮ ಗ್ರಂಥದಲ್ಲಿ ಆಹಾರ ಕೊಡುವ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಇಂದಿನ ಸಾಕಣೆಗಾರರು ವಸಂತದಲ್ಲಿ ಸಮಪಾಲು ಸಕ್ಕರೆ ಮತ್ತು ನೀರಿನ ತೆಳು ಪಾಕವನ್ನು ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾರೆ. ಮಕರಂದ ಬರುತ್ತಿದೆಯೆಂದು ಭಾವಿಸಿ ಕುಟುಂಬ ಮರಿ ಬೆಳೆಸಲು ತೊಡಗುತ್ತದೆ. ಪರಾಗದ ಕೊರತೆಗೂ ಉಪಾಯವುಂಟು. ಗಿರಣಿಯಿಂದ ನೊಣಗಳು ರೈ ಧಾನ್ಯದ ಹಿಟ್ಟನ್ನು ಹೊತ್ತು ತರುವುದನ್ನು ಜಿಯರ್ಜೋನ್ ಗಮನಿಸಿದ್ದರು. ಲ್ಯಾಂಗ್‌ಸ್ಟ್ರಾತ್ ಆ ಸಂಗತಿಯನ್ನು ಅಮೆರಿಕದ ಓದುಗರಿಗೆ ತಿಳಿಸಿದರು. ಮೊಟ್ಟೆ ಕೆಲಸಗಾರ ನೊಣವಾಗಲು 21 ದಿನ, ಅದು ಹೂವಿಗೆ ಹೊರಡಲು ಮತ್ತೆ ಹೆಚ್ಚುಕಡಿಮೆ ಮೂರು ವಾರ. ಆದುದರಿಂದ ಹೂ ಅರಳುವುದಕ್ಕೆ ಆರು ವಾರ ಮೊದಲೇ ಈ ಸಿದ್ಧತೆ ಆಗಬೇಕು. ಕುಟುಂಬ ಬೆಳೆದಂತೆ ಮರಿಗಳಿರುವ ಎರಿಗಳ ಪಕ್ಕದಲ್ಲಿ ಖಾಲಿ ಎರಿಯೊಂದನ್ನು ಇಳಿಸಿ, ಆಮೇಲೆ ಮೇಲಂತಸ್ತು ಇಡುತ್ತಾರೆ. ಅವಸರಪಟ್ಟು ನಡುವೆ ತೂರಿಸಿದರೆ ಮರಿಗಳು ಚಳಿಗೆ ಸಾಯುತ್ತವೆ. ತಡಮಾಡಿದರೆ ಜಾಗ ಸಾಲದೆ ಹಿಂಡು ಪಾಲಾಗಿ ಹಾರಿಹೋಗುತ್ತದೆ. ಚೌಕಟ್ಟನ್ನು ಎತ್ತಿ ನೋಡಲಾಗದಿದ್ದರೆ ಇದಾವುದೂ ಸಾಧ್ಯವಿಲ್ಲ.

ನಮ್ಮ ಘಟ್ಟದ ಸೀಮೆಯಲ್ಲಿ ಹಿಮವಿಲ್ಲ, ಆದರೆ ಮಳೆಗಾಲವಿದೆ. ಅಲ್ಲಿ ಸಕ್ಕರೆ ಪಾಕ ಕೊಡುವ ಹಸಿವಿನ ತಿಂಗಳುಗಳು ಅವೇ. ಇಪ್ಪತ್ತನೇ ಶತಮಾನದ ಆದಿಯಲ್ಲಿ ತಿರುಚಿರಾಪಳ್ಳಿಯ ಕಡೆ ಫಾದರ್ ನ್ಯೂಟನ್ ಅವರು ಇದೇ ತತ್ತ್ವವನ್ನು ನಮ್ಮ ಪುಟ್ಟ ತುಡುವೆಗೆ ಹೊಂದಿಸಿ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. 1936ರಲ್ಲಿ ವಿರಾಜಪೇಟೆಯಲ್ಲಿ ಕೊಡಗಿನ ಜೇನು ಕೃಷಿಕರ ಸಹಕಾರ ಸಂಘ ಆರಂಭವಾಯಿತು.

ಪೇಟೆಂಟ್‌ನಿಂದ ಲ್ಯಾಂಗ್‌ಸ್ಟ್ರಾತ್‌ರಿಗೆ ಸಂಪತ್ತು ಬರಲಿಲ್ಲ. ಊರೂರಲ್ಲಿ ಬಡಗಿಗಳು ಅದರ ನಕಲು ಮಾಡಿದರು. ಮೊಕದ್ದಮೆಗಳು ಅವರ ಹಣವನ್ನೂ ಶಕ್ತಿಯನ್ನೂ ಹೀರಿದವು. ಇದಕ್ಕಿಂತ ಘೋರವಾದುದು ಮನಸ್ಸಿನ ಕಾಯಿಲೆ. ಯೌವನದಿಂದಲೇ ಆಗಾಗ ತಿಂಗಳುಗಟ್ಟಲೆ ಕವಿಯುತ್ತಿದ್ದ ವಿಷಾದ ಅವರನ್ನು ಧರ್ಮಪೀಠದಿಂದ ಇಳಿಸಿತು, ಶಾಲೆಯ ಕೆಲಸವನ್ನು ಬಿಡಿಸಿತು. ಆ ದಿನಗಳಲ್ಲಿ ಪ್ರೀತಿಯ ಜೇನಿನ ಹೆಸರು ಕೇಳಿದರೂ ಆಗುತ್ತಿರಲಿಲ್ಲ. ಜೇನಿನ ಪುಸ್ತಕಗಳನ್ನು ಮರೆಮಾಡಬೇಕಾಗುತ್ತಿತ್ತು, ‘ಬಿ’ ಎಂಬ ಅಕ್ಷರ ಕಂಡರೂ ಸಂಕಟಪಡುತ್ತಿದ್ದರೆಂದು ಹೇಳುತ್ತಾರೆ. ಮೋಡ ಸರಿದೊಡನೆ ಅದೇ ಉತ್ಸಾಹ, ಅದೇ ಸೌಜನ್ಯ. ಇದಕ್ಕೆ ಔಷಧವಾಗಲಿ, ಸರಿಯಾದ ಹೆಸರಾಗಲಿ ಇಲ್ಲದ ಕಾಲವದು. ಸುತ್ತಲಿನವರು ಏನೆಂದುಕೊಂಡಿದ್ದರೋ!

1858ರಲ್ಲಿ ಒಹಾಯೋದ ಆಕ್ಸ್‌ಫರ್ಡ್‌ಗೆ ಬಂದು ನೆಲೆಸಿ, ಜೇನಿಗೆಂದೇ ಮರಗಳನ್ನೂ ಹೂಬೆಳೆಗಳನ್ನೂ ಬೆಳೆಸಿದರು. ಮಗ ಜೇಮ್ಸ್ ಜೊತೆಗೂಡಿ ಇಟಲಿಯ ರಾಣಿ ನೊಣಗಳನ್ನು ತರಿಸಿ ಮಾರಿದರು. 1870ರಲ್ಲಿ ಆ ಮಗ ತೀರಿಕೊಂಡ. 1873ರಲ್ಲಿ ಪತ್ನಿ ಆನಾ ಅಗಲಿದರು. ಕೊನೆಗೆ ಗೂಡುಗಳನ್ನು ಮಾರಿದರು. ಗ್ರಂಥವನ್ನು ಪರಿಷ್ಕರಿಸುವ ಶಕ್ತಿ ಉಳಿಯದಾಗ, ಫ್ರಾನ್ಸಿನಿಂದ ಬಂದು ಇಲಿನಾಯ್‌ನಲ್ಲಿ ನೆಲೆಸಿದ್ದ ಷಾರ್ಲ್ ದಾದಾಂ ಮತ್ತು ಅವರ ಮಗ ಆ ಹೊಣೆ ಹೊತ್ತರು.

1887ರಿಂದ ಅವರು ಡೇಟನ್‌ನಲ್ಲಿದ್ದರು. 1895ರ ಅಕ್ಟೋಬರ್ 6, ಭಾನುವಾರ. 84ರ ಹರೆಯದ ಲ್ಯಾಂಗ್‌ಸ್ಟ್ರಾತ್ ಚರ್ಚಿನಲ್ಲಿ ಪ್ರವಚನಕ್ಕೆ ಬಂದಿದ್ದರು. ನಿಲ್ಲಲು ತ್ರಾಣವಿಲ್ಲದ್ದರಿಂದ ಕುಳಿತೇ ಮಾತನಾಡಲು ಸಭೆಯ ಅನುಮತಿ ಕೇಳಿದರು. ಮಾತು ಆರಂಭಿಸಿದ ಕೆಲವೇ ಕ್ಷಣಗಳಲ್ಲಿ ಕುಸಿದು ಪ್ರಾಣಬಿಟ್ಟರು. ಪೇಟೆಂಟ್ ದೊರೆತು ಅಂದಿಗೆ 43 ವರ್ಷ ಒಂದು ದಿನ ಕಳೆದಿತ್ತು. ಡೇಟನ್‌ನ ವುಡ್‌ಲ್ಯಾಂಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.