ಕದ್ರಿ ಗೋಪಾಲನಾಥ್

ಕರಾವಳಿಯ ದೇವಾಲಯಗಳಲ್ಲಿ ಮಂಗಳವಾದ್ಯವೆಂದರೆ ಒಂದು ಕಾಲಕ್ಕೆ ನಾಗಸ್ವರವೇ. ಇಂದು ಸಾಲಿಗ್ರಾಮ, ಉಡುಪಿ, ಮಂಗಳೂರುಗಳ ಸೀಮೆಯಲ್ಲಿ ಉತ್ಸವವಿರಲಿ, ಮದುವೆಯಿರಲಿ, ಡೋಲಿನ ಜೊತೆಗೆ ಸ್ಯಾಕ್ಸೋಫೋನಿನ ನಾದವೂ ಕೇಳಿಬರುವುದುಂಟು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ರೂಪಿಸಿ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮೊದಲು ಬಳಕೆಗೆ ಬಂದುದು ಸೈನ್ಯದ ಬ್ಯಾಂಡುಗಳಲ್ಲಿ. ಅದು ನಮ್ಮ ದೇವರ ಸನ್ನಿಧಿಗೆ ಬಂದುದು ಬಹುಮಟ್ಟಿಗೆ ಒಬ್ಬ ಕಲಾವಿದನ ಹಟದಿಂದ.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೂ ಅದನ್ನೇ ಕಲಿಸಿದರು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿದ ಮೇಲೆ ಹುಡುಗನ ಮನಸ್ಸು ಅದಕ್ಕೆ ಸೋತುಹೋಯಿತು. ಮನೆತನದ ವಾದ್ಯವನ್ನು ಬಿಟ್ಟು ಪರದೇಶದ ವಾದ್ಯವನ್ನು ಹಿಡಿಯುವುದು ಸಣ್ಣ ಸಾಹಸವಾಗಿರಲಿಲ್ಲ.

ತೊಡಕು ವಾದ್ಯದ ರಚನೆಯಲ್ಲಿಯೇ ಇತ್ತು. ನಾಗಸ್ವರದ ರಂಧ್ರಗಳನ್ನು ಬೆರಳು ನೇರವಾಗಿ ಮುಚ್ಚುತ್ತದೆ. ಅರೆ ತೆರೆದು, ಉಸಿರನ್ನು ಹಿಗ್ಗಿಸಿ ಕುಗ್ಗಿಸಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಮತ್ತೊಂದು. ಕರ್ನಾಟಕ ಸಂಗೀತಕ್ಕೋ ಗಮಕವೇ ಪ್ರಾಣ. ಅದಿಲ್ಲದ ತೋಡಿ ತೋಡಿಯೇ ಅಲ್ಲ. ಬ್ಯಾಂಡಿನ ವಾದ್ಯದಿಂದ ಗಮಕವನ್ನು ಹೊರಡಿಸಲು ಗೋಪಾಲನಾಥರು ತುಟಿಯ ಬಿಗಿತ, ಉಸಿರಿನ ಹದ, ಬೆರಳಿನ ಚಲನೆಗಳನ್ನು ವರ್ಷಗಟ್ಟಲೆ ತಿದ್ದಿಕೊಂಡರು. ವಾದ್ಯದಲ್ಲಿಯೂ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರೂ, ಬಳಿಕ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರೂ ಗುರುಗಳಾದರು. ಮುಂದೆ ಪಿಟೀಲಿನ ಎ. ಕನ್ಯಾಕುಮಾರಿಯವರೊಡನೆ ಅವರು ನಡೆಸಿದ ಕಛೇರಿಗಳು ಮನೆಮಾತಾದವು.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ, ತಾವೂ ಜೊತೆಗೂಡಿ ನುಡಿಸಬೇಕೆಂದು ಬಯಸಿ ವೇದಿಕೆಯೇರಿದರು. ಜಾಝ್ ಸಂಗೀತಕ್ಕೆ ಈ ನಂಟು ತೀರ ಹೊಸದೂ ಅಲ್ಲ. ಜಾನ್ ಕೋಲ್ಟ್ರೇನ್ (1926–1967) ಎಂಬ ಮಹಾವಾದಕರು ಇದೇ ವಾದ್ಯವನ್ನು ಪ್ರಾರ್ಥನೆಯಾಗಿಸಿ, 1965ರಲ್ಲಿ ‘ಎ ಲವ್ ಸುಪ್ರೀಮ್’ ಕೃತಿಯನ್ನು ದೇವರಿಗೆ ಅರ್ಪಿಸಿದ್ದರು; ಸಿತಾರ್ ವಾದಕ ರವಿಶಂಕರರ ಮೇಲಿನ ಗೌರವದಿಂದ ಮಗನಿಗೆ ರವಿ ಎಂದು ಹೆಸರಿಟ್ಟಿದ್ದರು. ಕೋಲ್ಟ್ರೇನರು ಜಾಝ್‌ನಿಂದ ಹೊರಟು ಭಾರತದ ಕಡೆ ನೋಡಿದರೆ, ಗೋಪಾಲನಾಥರು ತ್ಯಾಗರಾಜರ ಕೃತಿಗಳನ್ನು ಹೊತ್ತು ಜಾಝ್ ವೇದಿಕೆಗೆ ನಡೆದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿ.ಬಿ.ಸಿ. ಏರ್ಪಡಿಸುವ ಪ್ರಾಮ್ಸ್ ಸಂಗೀತೋತ್ಸವಕ್ಕೆ ಆಹ್ವಾನಿತರಾದ ಮೊದಲ ಕರ್ನಾಟಕ ಸಂಗೀತಗಾರರು ಅವರೇ. ಅದೇ ವರ್ಷ ‘ಡ್ಯುಯೆಟ್’ ಎಂಬ ತಮಿಳು ಚಲನಚಿತ್ರದಲ್ಲಿ ಅವರು ನುಡಿಸಿದ ನಾದ, ಕಛೇರಿಗೆ ಕಾಲಿಡದವರ ಮನೆಗಳನ್ನೂ ತಲುಪಿತು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2008ರಲ್ಲಿ ಭಾರತೀಯ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂದಿತು.

ಝಗಝಗಿಸುವ ರೇಷ್ಮೆಯ ಉಡುಪು ಅವರಿಗೆ ಬಲು ಪ್ರಿಯ. ಆದರೆ ಕಣ್ಮುಚ್ಚಿ ಆಲಾಪನೆಗೆ ತೊಡಗಿದರೆಂದರೆ ಆ ಮಿನುಗು ಕೇಳುಗರಿಗೆ ಮರೆತೇ ಹೋಗುತ್ತಿತ್ತು.

2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ನಿಧನರಾದರು. ಅವರಿಂದ ಕಲಿತ ಶಿಷ್ಯರಲ್ಲಿ ಹೆಣ್ಣುಮಕ್ಕಳೂ ಇದ್ದರು.